ಕೈ ಕಾಣುವಷ್ಟು ಇಂಟರ್ನೆಟ್

ಮನೆಗೊಂದು ಫೋನ್ ಹಾಕಿಸು ಎಂದು ಬುದ್ಧಿ ಹೇಳಿದವರೆಲ್ಲರ ಮೇಲೂ ನನಗೆ ಆ ವರ್ಷ ಸಿಟ್ಟು ಬರುತ್ತಿತ್ತು. ನನ್ನ ಹೆಂಡತಿ ಮಂಗಳಗೌರಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಮಗಳು ಪರಿಮಳಳೂ ಹಾಗೆಯೇ. ಅಮ್ಮ ಮಗಳು ಕೈಯಲ್ಲೇ ಮಾತಾಡುವವರು. ಆ ಕೈಮಾತನ್ನು ಯಾರೂ ಕಲಿಸಿದ್ದಲ್ಲ, ನಮ್ಮ ಅಡುಗೆಮನೆಯಲ್ಲೇ ಹುಟ್ಟಿ ಬೆಳೆದದ್ದು. ಬೆರಳನ್ನು ಮೂಗಿಗೆ ತಂದು ಹೂ ಮೂಸಿದಂತೆ ಮಾಡಿದರೆ ಪರಿಮಳ, ಮೀಸೆ ತಿರುವಿದಂತೆ ಮಾಡಿದರೆ ನಾನು. ಇಂಥವರ ಮನೆಗೆ ಫೋನ್ ತಂದು ಯಾರ ಕಿವಿಗೆ ಇಡುವುದು?

ಏಳು ವರ್ಷದ ಪರಿಮಳಳನ್ನು ಜೂನ್ ತಿಂಗಳಲ್ಲಿ ಘಟ್ಟ ಇಳಿಸಿ, ಕೆಳಗಿನ ತಮಿಳು ಸೀಮೆಯ ಒಂದು ಕಿವುಡ ಮಕ್ಕಳ ವಸತಿಶಾಲೆಗೆ ಸೇರಿಸಿ ಬಂದವನು ನಾನೇ. ಅಲ್ಲಿ ಮಕ್ಕಳಿಗೆ ಬಾಯಿಂದ ಮಾತಾಡಲು, ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಕಲಿಸುತ್ತಿದ್ದರು, ತಮಿಳಿನಲ್ಲಿ. ಯಾಕೆ ಸೇರಿಸಿದೆ ಎಂದು ಕೇಳಿದವರಿಗೆಲ್ಲ ಅವಳ ಮುಂದಿನ ಬಾಳಿಗೆ ಎಂದು ಹೇಳಿದೆ. ನಿಜ ಹೇಳಬೇಕೆಂದರೆ ಅವಳ ಬಾಯಿಂದ ಒಂದೇ ಒಂದು ಸಲ ಅಪ್ಪ ಎಂದು ಕೇಳುವ ಆಸೆ ನನಗಿತ್ತು. ನನ್ನ ಅವ್ವ ವಿಶಾಲಾಕ್ಷಮ್ಮನಿಗೆ ಇದು ಮೊದಲೇ ಗೊತ್ತಾಗಿತ್ತು.

"ನಿನ್ ಕಿವಿ ಚಪಲಕ್ಕೆ ಮಗೀನ ಘಟ್ಟ ಇಳುಸ್ತಾ ಇದ್ದಿಯಲ್ಲ ಕಣ್ಲಾ," ಎಂದಿದ್ದಳು ಹೊರಡುವ ದಿನ.

ಶಾಲೆಯ ಕಟ್ಟುಪಾಡು ಒಂದೇ, ಮಗು ಕೈ ಬಳಸಬಾರದು. ಜುಲೈಯಲ್ಲಿ ನಾವಿಬ್ಬರೂ ಹೋಗಿ ನೋಡಿಕೊಂಡು ಬಂದ ಮೇಲೆ ಪರಿಮಳ ವಾರವೆಲ್ಲ ಮತ್ತೆ ಕೈ ಆಡಿಸಿದಳಂತೆ. ಪೊಂಗಲ್ ತನಕ ಯಾರೂ ಬರಬೇಡಿ ಎಂದು ಕಾಗದ ಬಂತು. ಅದೇ ಹೊತ್ತಿಗೆ ಮಂಗಳಗೌರಿಗೆ ನಾಲ್ಕನೇ ತಿಂಗಳು. ಹಿಂದೆ ಎರಡು ಸಲ ಗರ್ಭ ಇಳಿದುಹೋಗಿತ್ತು. ಚಾಮರಾಜನಗರದ ಡಾಕ್ಟರಮ್ಮ ಗರ್ಭದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆಯ ತನಕ ಮಂಚ ಬಿಟ್ಟು ಏಳಕೂಡದು, ಬಸ್ಸು ಜೀಪು ಹತ್ತಲೇಕೂಡದು ಎಂದು ಹೇಳಿ ಕಳಿಸಿದರು.

ದೀಪಾವಳಿ ಹೊತ್ತಿಗೆ ಅವಳು ಊಟ ಬಿಟ್ಟಳು. ಹಠಕ್ಕಲ್ಲ, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗಳು ನನ್ನ ಕೈ ಮರೆಯುತ್ತಿದ್ದಾಳೆ, ಮರೆತರೆ ನನಗೂ ಅವಳಿಗೂ ನಡುವೆ ಏನೂ ಉಳಿಯುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಡಾಕ್ಟರಮ್ಮನ ಹತ್ತಿರ ಓಡಿದೆ. ಹೀಗೇ ಆದರೆ ಕೂಸೂ ಉಳಿಯಲ್ಲ, ತಾಯಿಯೂ ಉಳಿಯಲ್ಲ, ಏನಾದರೂ ಮಾಡಿ ಊಟ ಮಾಡಿಸಿ ಎಂದು ಅವರು ಹೇಳಿದರು. ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ.

ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆಯಿತ್ತು. ಕಾಡಿ ಬೇಡಿ ಕೇಳಿದ ಮೇಲೆ, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಪರಿಮಳಳನ್ನು ಕ್ಯಾಮೆರಾ ಮುಂದೆ ಕೂರಿಸಲು ಒಪ್ಪಿದರು. ಇನ್ನು ಇಂಟರ್ನೆಟ್ ನಮ್ಮ ಮನೆಗೇ ಬರಬೇಕಿತ್ತು, ಮಂಚದ ಹತ್ತಿರಕ್ಕೇ. ನಮ್ಮದು ತಾಳಮಲೆ ದಾರಿಯಲ್ಲಿ ಕಾಡಂಚಿನ ಒಂಟಿಮನೆ. ಟೆಲಿಫೋನ್ ಕಂಬಗಳನ್ನು ಆನೆಗಳು ಬೆನ್ನು ಉಜ್ಜಿ ಉಜ್ಜಿ ಮಲಗಿಸಿದ್ದವು. ತಾಳವಾಡಿಯಲ್ಲಿ ಸಿಗುವ ಮೊಬೈಲ್ ಸಿಗ್ನಲ್ ನಮ್ಮ ದಿಣ್ಣೆ ದಾಟುತ್ತಿರಲಿಲ್ಲ. ಕಂಪ್ಯೂಟರಿಗೆ ಸಿಕ್ಕಿಸುವ ಡೇಟಾ ಕಾರ್ಡೊಂದನ್ನು ಎರವಲು ತಂದು, ಅದಕ್ಕೆ ಸಿಗ್ನಲ್ ಎಲ್ಲಾದರೂ ಸಿಗುವುದೇ ಎಂದು ಮೊಬೈಲ್ ಹಿಡಿದು ಹುಣಸೆಮರ ಹತ್ತಿದೆ. ಇಳಿಯುವಾಗ ಮೊಣಕೈ ತರಚಿದ್ದೊಂದೇ ಲಾಭ. ಉಳಿದದ್ದು ಆಕಾಶ ಮಾತ್ರ.

ಸತ್ಯಮಂಗಲದಲ್ಲಿ ಉಪಗ್ರಹದ ಡಿಶ್ ಕೂರಿಸುವ ಕೆಲಸದ ಮುರುಗನ್ ಎಂಬಾತ ಸಿಕ್ಕಿದ. ಇದನ್ನು ಬ್ಯಾಂಕಿನವರು, ಎಸ್ಟೇಟಿನವರು ಹಾಕಿಸುತ್ತಾರೆ, ಮನೆಗೆ ಯಾರೂ ಹಾಕಿಸುವುದಿಲ್ಲ ಎಂದು ನನ್ನನ್ನು ವಾಪಸು ಕಳಿಸಲು ನೋಡಿದ. ಯಾತಕ್ಕೆ ಬೇಕು ಎಂದು ಕೇಳಿದ. ಕೈ ನೋಡೋಕೆ ಎಂದೆ. ವಿಷಯವೆಲ್ಲ ಬಿಡಿಸಿ ಹೇಳಿದೆ. ಮಾರುವವನಾದರೂ ಸುಳ್ಳು ಹೇಳಲಿಲ್ಲ.

"ಈ ಸ್ಪೀಡಲ್ಲಿ ತುಟಿ ಕಾಣಲ್ಲ ಸಾರ್. ಕೈ ಆಡಿಸಿದ್ರೂ ಮಂಜು ಮಂಜು. ಆದ್ರೆ ಆಡಿಸ್ಬುಟ್ಟು ಅಂಗೇ ನಿಲ್ಸಿದ್ರೆ ಕಾಣ್ತದೆ," ಎಂದ.

ನಿಲ್ಲಿಸಿದರೆ ಕಾಣುತ್ತದೆ ಎಂಬ ಒಂದು ಮಾತಿಗೇ ನಾನು ಹಾಕಿಸುವುದೆಂದು ತೀರ್ಮಾನಿಸಿದೆ. ಬೆಲೆ ಕೇಳಿ ಅವ್ವ ಮೂರು ದಿನ ನನ್ನ ಮುಖ ನೋಡಲಿಲ್ಲ. ಕಣದಲ್ಲಿ ಸಿಮೆಂಟ್ ಕಟ್ಟೆ ಕಟ್ಟಿಸಿ ಡಿಶ್ ಕೂರಿಸಿದರು. ಒಳಗೆ ಮಂಚದ ಎದುರಿಗೆ ಕ್ಯಾಮೆರಾ ಇರುವ ಕಂಪ್ಯೂಟರನ್ನೂ, ಅದನ್ನು ಡಿಶ್ಶಿಗೆ ಜೋಡಿಸುವ ಒಂದು ಡಬ್ಬಿಯನ್ನೂ ಇಟ್ಟರು. ನಮ್ಮ ಕಡೆ ಉಪಗ್ರಹ ಹೆಚ್ಚೂಕಡಿಮೆ ನೆತ್ತಿಯ ಮೇಲೇ ಇರುತ್ತದಂತೆ, ಹಾಗಾಗಿ ಡಿಶ್ ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ಕೂತಿತು. ಮಳೆ ನೀರು ಹಿಡಿಯುವುದಕ್ಕಾ ಎಂದು ಅವ್ವ ಮುರುಗನನ್ನೇ ಕೇಳಿದಳು. ಮಂಗಳಗೌರಿಗೆ ನಾನು ಎಲ್ಲ ವಿವರಿಸಿದೆ. ಅವತ್ತಿನಿಂದ ಅವಳು ಮಲಗಿದಲ್ಲೇ ಅಭ್ಯಾಸಕ್ಕೆ ತೊಡಗಿದಳು. ಒಂದು ಮಾತು ಮಾಡುವಳು, ಕೈಯನ್ನು ಹಾಗೇ ನಿಲ್ಲಿಸುವಳು, ಮೂರು ಉಸಿರು ಬಿಟ್ಟು ಮುಂದಿನ ಮಾತಿಗೆ ಹೋಗುವಳು. ಆ ವಾರ ದಿನಕ್ಕೆರಡು ಸಲ ಗಂಜಿ ಕುಡಿದಳು.

ಮೊದಲ ಭಾನುವಾರ ಮಳೆ ಹಿಡಿಯಿತು. ಡಬ್ಬಿಯ ಹಸಿರು ದೀಪ ಎರಡು ಸಲ ಮಿಣುಕಿ ಆರಿಹೋಯಿತು. ದಟ್ಟ ಮಳೆಯಲ್ಲಿ ಹೀಗಾಗುತ್ತದೆ ಎಂದು ಮುರುಗನ್ ಹೇಳಿದ್ದ. ನಾನು ಗೋಣಿಚೀಲ ಹೊದ್ದು ಕಣಕ್ಕೆ ಓಡಿ, ಅಂಗೈಯಲ್ಲಿ ಡಿಶ್ಶಿನ ನೀರು ಒರೆಸಿದೆ. ಮಳೆ ಸುರಿಯುತ್ತಲೇ ಇತ್ತು. ಒರೆಸಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಒರೆಸಿದೆ. ಒಳಗೆ ಬಂದು ನೋಡಿದರೆ ಮಂಗಳಗೌರಿ ಕಪ್ಪು ಪರದೆಯ ಮುಂದೆ ಕೈ ಎತ್ತಿ ನಿಲ್ಲಿಸಿಕೊಂಡೇ ಇದ್ದಳು. ಆ ರಾತ್ರಿ ಗಂಜಿಯೂ ಬೇಡವೆಂದಳು, ಮಾರನೆಯ ದಿನವೂ. ಆ ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು.

ಎರಡನೆಯ ಭಾನುವಾರ ಬಿಸಿಲು. ಹತ್ತು ಗಂಟೆಗೆ ಸರಿಯಾಗಿ ಪರಿಮಳ ಪರದೆಯ ಮೇಲೆ ಬಂದಳು. ಎರಡು ಜಡೆ, ನೀಲಿ ಯೂನಿಫಾರ್ಮ್. ಕೆನ್ನೆ ಇಳಿದುಹೋಗಿತ್ತು. ಪಕ್ಕದಲ್ಲಿ ಕೂತ ಟೀಚರಮ್ಮನ ಭುಜ ಮಾತ್ರ ಕಾಣುತ್ತಿತ್ತು. ಮಂಗಳಗೌರಿ ಬೆರಳನ್ನು ಮೂಗಿಗೆ ತಂದು ನಿಲ್ಲಿಸಿದಳು. ಪರಿಮಳ ಅದನ್ನು ನೋಡಿದಳು. ಅವಳ ಕೈ ಮೇಜಿನ ಕೆಳಗೇ ಇತ್ತು. ಒಮ್ಮೆ ಪಕ್ಕಕ್ಕೆ ನೋಡಿ, ಬಾಯಿ ಅಗಲಿಸಿ, ಗಂಟಲಿಂದ ಎಳೆದು ತಂದಂತೆ "ಅಪ್ಪಾ" ಎಂದಳು.

ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಅದು ಸಂತೋಷದ ಅಳು. ಮಂಗಳಗೌರಿ ನನ್ನ ತೋಳು ತಟ್ಟಿ ಏನೆಂದಳು ಎಂದು ಕೇಳಿದಳು. ನನ್ನನ್ನು ಕರೆದಳು ಎಂದೆ. ಅಷ್ಟರಲ್ಲಿ ಪರಿಮಳ "ಅಮ್ಮಾ, ಸಾಪ್ಟಿಯಾ" ಎಂದು ತಮಿಳಿನಲ್ಲಿ ಊಟ ಆಯಿತಾ ಎಂದು ಕೇಳಿದಳು. ಅದನ್ನೂ ಕೈಯಲ್ಲಿ ಹೇಳಿದೆ. ಮಂಗಳಗೌರಿ ತಲೆ ಅಲ್ಲಾಡಿಸಿದಳು. ಅವಳು ನನ್ನನ್ನು ಕೇಳಲಿ, ನಿನ್ನ ಕೈ ನನಗೆ ಬೇಡ ಎಂದಳು.

ಕೈ ತೋರಿಸು ಮಗಾ ಎಂದು ನಾನು ಬಾಯಲ್ಲಿ ಹೇಳಿದೆ. ಪರಿಮಳ ಪರದೆಗೆ ಮುಖ ಹತ್ತಿರ ತಂದು ನನ್ನ ತುಟಿ ಹುಡುಕಿದಳು. ಅಲ್ಲಿಗೆ ನನ್ನ ತುಟಿ ಮಸಿ ಬಳಿದಂತೆ ಹೋಗಿರಬೇಕು. ಅರ್ಥವಾಗದೆ ಗಾಬರಿಯಾಗಿ ಕಣ್ಣು ತುಂಬಿಕೊಂಡಳು. ಬೇರೆ ದಾರಿಯಿಲ್ಲದೆ, ಆ ಟೀಚರಮ್ಮನ ಎದುರಿಗೇ ನಾನು ನನ್ನೆರಡು ಕೈ ಎತ್ತಿದೆ. ಕೈ ತೋರಿಸು, ಅಮ್ಮ ಕೇಳುತ್ತಿದ್ದಾಳೆ ಎಂದು ಒಂದೊಂದೇ ಮಾತು ಮಾಡಿ ನಿಲ್ಲಿಸಿದೆ.

ಮೇಜಿನ ಕೆಳಗಿಂದ ಕೈಗಳು ಮೇಲೆ ಬಂದವು, ಎರಡೂ ಒಟ್ಟಿಗೆ. ಮಣಿಕಟ್ಟುಗಳನ್ನು ಜೋಡಿಸಿ ಜಡೆಯ ಕೆಂಪು ರಿಬ್ಬನ್ ಕಟ್ಟಿತ್ತು. ಹೂವಿನ ಗಂಟು ಹಾಕಿದ್ದರು. ಮುರುಗನ ಡಿಶ್ ಅದೊಂದನ್ನು ಚೆನ್ನಾಗಿ ತೋರಿಸಿತು.

ಟೀಚರಮ್ಮ ಮರ್ಯಾದೆಯಿಂದಲೇ ಮಾತಾಡಿದರು. ಮಾತಿನ ಪಾಠದ ಹೊತ್ತಿನಲ್ಲಿ, ಮನೆಯವರೊಡನೆ ಮಾತಾಡುವಾಗಲೂ, ಎಲ್ಲ ಮಕ್ಕಳಿಗೂ ಕಟ್ಟುತ್ತೇವೆ, ನೋವಾಗದಂತೆ ಕಟ್ಟುತ್ತೇವೆ, ಒಂದು ವರ್ಷದಲ್ಲಿ ಅಭ್ಯಾಸವಾಗುತ್ತದೆ, ಇಲ್ಲವಾದರೆ ಇವಳೂ ಇವಳಮ್ಮನ ಹಾಗೆಯೇ ಉಳಿದುಬಿಡುತ್ತಾಳೆ ಎಂದರು. ನೀವು ಸಹಿ ಮಾಡಿದ ಕಾಗದದಲ್ಲಿ ಇದೆಲ್ಲ ಇದೆಯಲ್ಲ ಸಾರ್ ಎಂದೂ ಕೇಳಿದರು. ಇತ್ತು. ತಮಿಳು ನನಗೆ ಚೆನ್ನಾಗಿಯೇ ಓದಲು ಬರುತ್ತದೆ. ಓದಿಯೇ ಸಹಿ ಹಾಕಿದ್ದೆ.

ಏನು ಹೇಳಿದರು ಎಂದು ಮಂಗಳಗೌರಿ ಕೇಳಿದಳು. ಅಷ್ಟನ್ನೂ ಹೇಳಿದೆ, ಇವಳಮ್ಮನ ಹಾಗೆ ಎಂಬುದನ್ನೂ, ನನ್ನ ಸಹಿಯನ್ನೂ. ಅವಳು ನನ್ನನ್ನು ಬಯ್ಯಲಿಲ್ಲ. ಹೊದಿಕೆ ಸರಿಸಿ ಎರಡೂ ಕಾಲನ್ನು ನೆಲಕ್ಕೆ ಇಳಿಸಿದಳು. ನಾನು ಕಾಲು ಹಿಡಿದು ಮತ್ತೆ ಮಂಚದ ಮೇಲಿಟ್ಟೆ. ಇನ್ನೊಂದು ಸಲ ಇಳಿಸಿದಳು. ಹೊಲಿಗೆ ಬಿಚ್ಚಿದರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು. ಅವ್ವ ಬಂದು ಅವಳ ಭುಜ ಹಿಡಿದು ಕೂತಳು.

"ಇವಳ ನಾ ನೋಡ್ಕತೀನಿ, ಓಗು," ಎಂದಳು ಅವ್ವ. "ಮಗೀನ ಬುಟ್ಟು ಬರಬ್ಯಾಡ ಕಣ್ಲಾ."

ದಿಂಬಂ ಘಟ್ಟದ ತಿರುವುಗಳನ್ನು ಆ ದಿನ ಹೇಗೆ ಇಳಿದೆನೋ ಗೊತ್ತಿಲ್ಲ. ಶಾಲೆಯಲ್ಲಿ ಯಾರೂ ತಡೆಯಲಿಲ್ಲ. ಇಷ್ಟು ಚೆನ್ನಾಗಿ ಕಲಿಯುವ ಮಗುವನ್ನು ಹಾಳು ಮಾಡುತ್ತಿದ್ದೀರಿ ಎಂದಷ್ಟೇ ಹೇಳಿ, ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ರಿಬ್ಬನ್ ಜಡೆಗೆ ವಾಪಸು ಹೋಗಿತ್ತು. ಆದರೆ ಜೀಪಿನಲ್ಲಿ ಪರಿಮಳ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂತಳು. ದಿಂಬಂ ಮೇಲೆ ಟೀ ಅಂಗಡಿಯಲ್ಲಿ ನಿಲ್ಲಿಸಿ, ಏನು ಬೇಕು ಎಂದು ಕೈಯಲ್ಲಿ ಕೇಳಿದೆ. ಅವಳು ಬಾಯಲ್ಲಿ "ಪಾಲ್" ಎಂದಳು. ಮಗು ಎಷ್ಟು ಚೆನ್ನಾಗಿ ಹಾಲು ಕೇಳುತ್ತದೆ ಎಂದು ಅಂಗಡಿಯವನು ನಕ್ಕ. ಆ ಪಾಪದ ಮನುಷ್ಯನ ಮೇಲೆ ನನಗೆ ಹೊಡೆಯುವಷ್ಟು ಕೋಪ ಬಂತು.

ಮನೆ ಮುಟ್ಟಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಅವ್ವ ಕೊಟ್ಟಿಗೆಯಲ್ಲಿದ್ದಳು. ಮಂಗಳಗೌರಿ ಗೋಡೆಗೆ ಒರಗಿ ಕೂತು ಕಾಯುತ್ತಿದ್ದಳು. ಮಗಳನ್ನು ಮಂಚದ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು, ತೊಡೆಯ ಕೆಳಗಿನ ಕೈಗಳನ್ನು ಒಂದೊಂದಾಗಿ ಹೊರಗೆ ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟಳು. ಒಳಗೆ ಕೂಸು ಒದೆಯಿತೇನೋ, ಪರಿಮಳಳ ಕಣ್ಣು ಅಗಲವಾಯಿತು. ಏನೋ ಕೇಳಲು ಬೆರಳೆತ್ತಿದಳು. ಎತ್ತಿದ್ದು ಅರ್ಧಕ್ಕೇ ನಿಂತಿತು. ಯಾರಾದರೂ ನೋಡುತ್ತಿದ್ದಾರೋ ಎಂದು ಬಾಗಿಲ ಕಡೆ ನೋಡಿದಳು, ಅಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು, ನೋಡುತ್ತಲೇ ಕೈಯನ್ನು ಮೆಲ್ಲಗೆ ಕೆಳಗಿಳಿಸತೊಡಗಿದಳು.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.