ತಡಿ ಶೈಲಾ

ರಿಕ್ಷಾ ಪವಾಯಿ ಕೆರೆಯ ತಿರುವಿಗೆ ಬಂದಾಗ ಬಿಸಿಲಿಗೆ ಹೊಳೆವ ನೀರು ದಾನೇಶ್ವರಿಯ ಕಣ್ಣಿಗೆ ಚುಚ್ಚಿತು, ಶೈಲಾಳ ಹೊಸ ಫ್ಲ್ಯಾಟಿನಿಂದಲೂ ಇದೇ ನೀರು ಕಾಣುತ್ತದೆ, ಇನ್ನು ದಿನಾ ಇದನ್ನು ನೋಡುತ್ತ ಚಹಾ ಕುಡಿಯುತ್ತಾಳೆ, ದಾನೇಶ್ವರಿಗೆ ಗೋರೆಗಾಂವ್‌ನ ತನ್ನ ಅಡುಗೆಮನೆ ಕಿಟಕಿಯಿಂದ ಕಾಣುವುದು ಎದುರು ಬಿಲ್ಡಿಂಗಿನವರು ಒಣಹಾಕಿದ ಬನಿಯನ್‌ಗಳು — ಶೇರು ಅಂದರೇನೆಂದು ಶೈಲಾಗೆ ಹೇಳಿಕೊಟ್ಟವಳು ತಾನಲ್ಲವೆ, ಮೈದುನನ ಹೆಂಡತಿ, ಧಾರವಾಡದಿಂದ ಹೊಸದಾಗಿ ಬಂದವಳು, ಪಾಪ ಎಂದು, ಒಂದೇ ಸೋಫಾದ ಮೇಲೆ ಕೂತು ಇಬ್ಬರೂ ಅದೇ ಪಂಪ್ ಕಂಪನಿಯ ಶೇರು ಕೊಂಡಿದ್ದರು, ಆಮೇಲೆ ದಾನೇಶ್ವರಿ ಲೋಕಲ್ ರೈಲಿನಲ್ಲಿ, ಆಫೀಸಿನಲ್ಲಿ, ಬಾತ್‌ರೂಮಿನಲ್ಲಿ ಮೊಬೈಲ್ ನೋಡಿದ್ದೇ ನೋಡಿದ್ದು, ತುಸು ಏರಿದ ಕೂಡಲೇ ಮಾರಿದಳು, ಆ ಲಾಭಕ್ಕೆ ಒಂದು ಮಿಕ್ಸರ್ ಬಂತು, ಶೈಲಾ ಮಾರಲಿಲ್ಲ, ಹೇಗೆ ಮಾರುತ್ತಾಳೆ, ಪಾಸ್‌ವರ್ಡ್ ಮರೆತಿದ್ದಳು, ಬಾಣಂತನ, ಕೂಸು, ವರ್ಷಗಟ್ಟಲೆ ಅತ್ತ ತಲೆ ಹಾಕಲಿಲ್ಲ, ಅಷ್ಟರಲ್ಲಿ ಅದು ಬೆಳೆದು ಕೂತಿತ್ತು, ಹೊಸ ಪಾಸ್‌ವರ್ಡ್ ಮಾಡಿಸಿ ಅರ್ಧ ಮಾರಿ ಈ ಮನೆಗೆ ಮುಂಗಡ ಕಟ್ಟಿದಳು — ಅದಕ್ಕೀಗ ತಾಳ್ಮೆ ಎಂಬ ಹೆಸರು, ಇವತ್ತು ಗೃಹಪ್ರವೇಶಕ್ಕೆ ಬಂದ ಮಂದಿಯ ಎದುರು ದಾನೇಶ್ವರಿಯ ಗಂಡ ಸಿದ್ದರಾಮಪ್ಪನೇ ಅಂದ, ಶೈಲಾನ ಕಡಿಂದ ಕಲಿಬೇಕ ನೋಡ ನೀ, ಎಷ್ಟ ಸಮಾಧಾನ ಆಕಿಗೆ, ದಾನೇಶ್ವರಿ ಹೋಳಿಗೆಯನ್ನು ಬದಿಗೆ ಸರಿಸಿದಳು, ಆಮೇಲೆ ಶೈಲಾ ಇವಳ ಕೈ ಹಿಡಿದು ಒಳಗೆ ಕರೆದೊಯ್ದಳು, ಅಕ್ಕಾ, ಉಳದದ್ದನ್ನ ಇವತ್ತ ಮಾರಿಬಿಡ್ಲೇನ್ರಿ, ಮನಿ ಸಾಲ ಹಗುರ ಆಗ್ತದ, ನನಗೇನ ತಿಳಿತದ, ನೀವ ಹೇಳ್ರಿ, ಅರಿಶಿಣ ಹತ್ತಿದ ಬೆರಳು ಮೊಬೈಲಿನಲ್ಲಿ ಮಾರುವ ಗುಂಡಿಯ ಮೇಲೆ, ಇನ್ನೇನು ತಾಗುವಷ್ಟು ಹತ್ತಿರ, ದಾನೇಶ್ವರಿ ಬೆಳಿಗ್ಗೆಯೇ ಓದಿದ್ದಳು, ಕಂಪನಿಯ ಲೆಕ್ಕ ನೋಡುವವರು ರಾಜೀನಾಮೆ ಕೊಟ್ಟಿದ್ದಾರೆ, ಒಳಗೆ ಏನೋ ಕೊಳೆತಿದೆ, ಮಾರು ಅನ್ನಬೇಕಿತ್ತು, ಒಂದೇ ಶಬ್ದ — ಬಾಯಿಗೆ ಬಂದದ್ದು, ತಡಿ ಶೈಲಾ, ಗಡಿಬಿಡಿ ಯಾಕ, ಇಷ್ಟ ದಿನ ತಡದೀಯಲ್ಲ, ಹೌದಲ್ರಿ ಅಕ್ಕಾ ಎಂದು ಅವಳು ನಕ್ಕು ಬೆರಳು ಹಿಂದಕ್ಕೆ ತೆಗೆದಳು, ಈಗ ರಿಕ್ಷಾ ಸಿಗ್ನಲ್ಲಿಗೆ ನಿಂತಿದೆ, ಮೊಬೈಲಿನಲ್ಲಿ ಆ ಶೇರಿನ ದರ ಕೆಂಪಗೆ ಇಳಿಯುತ್ತಿದೆ, ಎದೆಯೊಳಗೆ ತಣ್ಣಗಾಯಿತು, ಬೀಳಲಿ, ಇನ್ನೂ ಬೀಳಲಿ, ಆಗ ತಾಳ್ಮೆ ಅನ್ನಲಿ ನೋಡೋಣ — ಮತ್ತೆ ಇಳಿಯಿತು, ಆ ತಂಪು ಎಲ್ಲಿ ಹೋಯಿತು, ಮಾರುಕಟ್ಟೆ ಇನ್ನೂ ಮುಚ್ಚಿಲ್ಲ, ಒಂದು ಫೋನ್ ಸಾಕು, ಶೈಲಾಳ ನಂಬರು ಹುಡುಕಿದಳು, ಏನಂತ ಹೇಳುವುದು, ಗೊತ್ತಿದ್ದೂ ತಡಿ ಅಂದೆ ಅಂತಲೆ, ಏನ ನೋಡ್ಲಿಕ್ಹತ್ತೀ ಎಂದ ಪಕ್ಕದಲ್ಲಿ ಕೂತಿದ್ದ ಸಿದ್ದರಾಮಪ್ಪ, ಏನಿಲ್ರಿ, ಮೊಬೈಲ್ ಪರ್ಸಿನೊಳಗೆ ಹೋಯಿತು, ರಿಕ್ಷಾ ಹೊರಟಿತು, ಕಣ್ಣು ಮುಚ್ಚಿದರೆ ಆ ಬೆರಳು, ತೆರೆದರೂ ಅದೇ, ಅರಿಶಿಣದ ಬೆರಳು, ತನ್ನ ಮಾತು ನಂಬಿ ಮೆಲ್ಲಗೆ ಹಿಂದೆ ಸರಿಯುವ ಬೆರಳು