ರಶ್ಮಿತಾಳ ಸಿಟ್ಟು ಯಾರದು

ಎರಡನೇ ಕ್ಲಾಸಿನ ರಶ್ಮಿತಾ ಪಕ್ಕದ ಹುಡುಗಿಯ ಕೈಯನ್ನು ರಕ್ತ ಬರುವಂತೆ ಕಚ್ಚಿದಳೆಂದು ಚಳ್ಳಕೆರೆಯ ಶಾಲೆಯವರು ಪುಷ್ಪಲತಾಳನ್ನು ಕರೆಸಿದರು. ೨೦೦೨ರ ಮಾತು. ಇದು ಮೊದಲ ಸಲವೇನಲ್ಲ. ಸಿಟ್ಟು ಬಂದರೆ ಆ ಮಗುವಿಗೆ ಎದುರಿಗಿರುವವರು ಯಾರೆಂದೇ ಕಾಣುತ್ತಿರಲಿಲ್ಲ. ಕಚ್ಚಿ, ಆಮೇಲೆ ತಾನೇ ಮಂಚದ ಕೆಳಗೆ ಸೇರಿ ನಡುಗುತ್ತಿದ್ದಳು.

ಪುಷ್ಪಲತಾ ಅವಳನ್ನು ಹೆತ್ತಿರಲಿಲ್ಲ. ಗಂಡ ಹನುಮಂತರಾಯನ ಅಣ್ಣ ಜಂಪಣ್ಣ ಮೊಳಕಾಲ್ಮೂರು ಕಡೆಯ ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ. ತಮ್ಮನಿಗೆ ಮಕ್ಕಳಿಲ್ಲವೆಂದು ಅವನೂ ಹೆಂಡತಿ ಸೂರಮ್ಮನೂ ತಮ್ಮ ಮೂರನೇ ಮಗಳನ್ನು ಕೂಸಾಗಿದ್ದಾಗಲೇ ಕೊಟ್ಟಿದ್ದರು.

ಎಣ್ಣೆ ಮಿಲ್ಲಿನಲ್ಲಿ ದುಡಿಯುವ ಹನುಮಂತರಾಯ ಜೋರಾಗಿ ಮಾತಾಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅವತ್ತು ಮಗಳ ಬೆನ್ನಿಗೆ ಬಾರಿಸಿದ.

"ಸೂರಮ್ಮತ್ತಿಗೆ ಕಡೆಯಿಂದ ಬಂದಿರೋ ಸಿಟ್ಟು ಇದು. ಅವರ ತಮ್ಮಂದ್ರು ಎಲ್ಲಾ ಜಗಳಗಂಟ್ರೇ."

ಪುಷ್ಪಲತಾಳಿಗೆ ಸಮಾಧಾನವಾಗಲಿಲ್ಲ. ಹುಟ್ಟಿನಿಂದ ಬಂದದ್ದಾದರೆ ಅಕ್ಕಂದಿರೂ ಕಚ್ಚಬೇಕಲ್ಲ? ತಾನು ಬೆಳೆಸಿದ ರೀತಿಯಿಂದಾದರೆ, ತಾನು ಮಾಡಿದ್ದಾದರೂ ಏನು? ದಸರಾ ರಜೆಯಲ್ಲಿ ಗಂಡನನ್ನೂ ಮಗಳನ್ನೂ ಹೊರಡಿಸಿಕೊಂಡು ಹಟ್ಟಿಗೆ ಹೋದಳು.

ಅಕ್ಕಂದಿರಿಬ್ಬರೂ ಸೌಮ್ಯ ಸ್ವಭಾವದವರು. ತಂಗಿಯ ಕೈಗೆ ಕುರಿಮರಿ ಕೊಟ್ಟು ಆಡಿಸಿದರು. ಹಾಲಿಗೆ ತಾಯಿಕುರಿಯ ಹತ್ತಿರ ಬಿಡಬೇಕೆಂದು ದೊಡ್ಡವಳು ಮರಿಯನ್ನು ತೆಗೆದುಕೊಂಡಳು ನೋಡಿ, ರಶ್ಮಿತಾ ಅವಳ ತೋಳಿಗೆ ಬಾಯಿ ಹಾಕಿದಳು. ಹನುಮಂತರಾಯ ಕೈ ಎತ್ತಿದ. ಅವನ ತಾಯಿ ಪಾತಮ್ಮ ಆ ಕೈ ಹಿಡಿದುಕೊಂಡಳು.

"ಯಾರಿಗೆ ಹೊಡೀತೀಯಲೇ? ನೀನೇನ್ ಕಮ್ಮಿ ಇದ್ದೇನು? ನೋಡಿಲ್ಲಿ." ಮುದುಕಿಯ ಮೊಣಕೈ ಹತ್ತಿರ ಹಳೆಯ ಹಲ್ಲಿನ ಗುರುತಿತ್ತು.

"ಇವ್ರಾ?" ಪುಷ್ಪಲತಾ ಬಾಯಿ ಬಿಟ್ಟಳು. "ಮತ್ತೆ ಹೆಂಗೆ ಬಿಟ್ರು, ಅತ್ತೆ?"

"ಹೊಡ್ದೆ, ಬಾಯಿಗೆ ಖಾರ ಹಾಕ್ದೆ. ಇನ್ನಾ ಜಾಸ್ತಿ ಆಯ್ತು. ಜಂಪಣ್ಣನೂ ಇದೇ ಹೊಟ್ಟೆಯಾಗೆ ಹುಟ್ಟಿದೋನೇ, ಒಂದ್ ಗದರಿದ್ರೆ ಸುಮ್ನಾಗ್ತಿದ್ದ. ಇವ್ನಿಗೆ ಆಗ್ಲಿಲ್ಲ. ಕಡೀಗೆ ನಮ್ಮ ಮಾವ ಕುರಿ ಹಿಂದೆ ಕರ್ಕಂಡು ಹೋಗಾಕೆ ಶುರು ಮಾಡಿದ್ರು. ಸಿಟ್ಟು ಬಂದಾಗ ಬೈತಿರ್ಲಿಲ್ಲ, ಬಿಟ್ಟೂ ಹೋಗ್ತಿರ್ಲಿಲ್ಲ. ಪಕ್ಕದಾಗೆ ಕೂತಿರ್ತಿದ್ರು. ತಣ್ಣಗಾದ್ಮೇಲೆ ಏನಾಯ್ತು ಹೇಳಪ್ಪ ಅಂತಿದ್ರು."

"ಅದಕ್ಕೇ ಬಿಟ್ರಾ?"

"ಯಾರಿಗ್ ಗೊತ್ತು? ವಯಸ್ಸಾಗಿ ತಾನೇ ಬಿಟ್ಟಿದ್ರೂ ಬಿಟ್ಟಿರ್ಬೌದು."

ಹನುಮಂತರಾಯ ಬಸ್ಸಿನಲ್ಲಿ ಬರುವಾಗ ಮೆಲ್ಲಗೆ ಹೇಳಿದ: "ಸಿಟ್ಟು ಬಂದಾಗ ಯಾರಾದ್ರೂ ನನ್ ಕೈ ಹಿಡ್ಕಂಡ್ರೆ ಉಸಿರು ಕಟ್ಟಿದಂಗಾಗ್ತಿತ್ತು. ಅದಕ್ಕೇ ಕಚ್ತಿದ್ದೆ."

ಪುಷ್ಪಲತಾ ಬೆಚ್ಚಿದಳು. ಮಗಳು ಕೆರಳಿದಾಗಲೆಲ್ಲ ಅವಳ ಎರಡೂ ಕೈ ಬಿಗಿಯಾಗಿ ಹಿಡಿಯುತ್ತಿದ್ದವಳು ತಾನೇ.

ಆಮೇಲೆ ಹಿಡಿಯುವುದನ್ನು ಬಿಟ್ಟಳು. ಸುಮ್ಮನೆ ಹತ್ತಿರ ಕೂರುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಮೊದಲು ಇನ್ನೆರಡು ಕಡಿತ ತಿಂದಳು. ಹನುಮಂತರಾಯನೂ ಒಮ್ಮೆ ತಾಳ್ಮೆಗೆಟ್ಟು ಹೊಡೆದು, ತಾನೇ ಊಟ ಬಿಟ್ಟ. ಬೇಸಿಗೆಯ ಹೊತ್ತಿಗೆ ಕಚ್ಚುವುದು ನಿಂತಿತು. ಸಿಟ್ಟು ನಿಲ್ಲಲಿಲ್ಲ. ಬಾಗಿಲು ಬಡಿಯುತ್ತಿದ್ದಳು, ಪುಸ್ತಕ ಎಸೆಯುತ್ತಿದ್ದಳು.

ಒಂದು ಸಂಜೆ ಆಟದ ನಡುವೆ ಓಡಿಬಂದು ಬಾಗಿಲಲ್ಲಿ ನಿಂತಳು. ಮುಖ ಕೆಂಪಾಗಿತ್ತು.

"ಅಪ್ಪಾ, ನಂಗೆ ಸಿಟ್ಟು ಬರ್ತಾ ಐತೆ."

ಮೆಟ್ಟಿಲ ಮೇಲಿದ್ದ ಹನುಮಂತರಾಯ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.