ಮಡಿಚಿದ ಟೇಪಿನ ತುದಿ

ಕಾರಿನ ಅಭ್ಯಾಸದ ಓಟ ಮುಗಿಸಿ ಬಂದ ತಂಗಿ ಶೆಡ್ಡಿನ ನಲ್ಲಿಯ ಹತ್ತಿರ ಕಾಲುಚೀಲ ಹಿಂಡುತ್ತಿದ್ದಳು. ಬೆವರು ಎಂದಳು. ಕಿತ್ತುಕೊಂಡು ಮೂಸಿದೆ. ಸಿಹಿ ವಾಸನೆ. ಎಂಜಿನ್ ತಂಪಾಗಿಡುವ ಕೂಲಂಟ್ ನೀರು ಬಿಟ್ಟು ಬೇರೆ ಯಾವುದಕ್ಕೂ ಆ ವಾಸನೆಯಿಲ್ಲ.

ಮೂರು ವಾರದಿಂದ ನಮ್ಮ ಹಳೆಯ ರೇಸ್ ಕಾರಿನ ನೀರು ಎಲ್ಲಿಗೋ ಮಾಯವಾಗುತ್ತಿತ್ತು. ಓಡಿಸುವವಳು ತಂಗಿ, ರಿಪೇರಿ ಮಾಡುವವಳು ನಾನು, ಯಜಮಾನಿಕೆ ಅಣ್ಣನದು. ರೇಡಿಯೇಟರಿನ ಮುಚ್ಚಳ ಸಡಿಲವಾಗಿದೆ, ನೀರು ತುಂಬಿಸಿಕೊಂಡರಾಯಿತು ಎಂದು ಅವನು ತಿಪ್ಪೆ ಸಾರಿಸುತ್ತಲೇ ಬಂದಿದ್ದ. ನಾನು ಹೊಸ ಮುಚ್ಚಳ ಹಾಕಿ ಸುಮ್ಮನಾಗಿದ್ದೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ತಂಗಿಯ ಬಲಪಾದದ ಪಕ್ಕದಲ್ಲಿ ಎರಡು ಬೆರಳಗಲದ ಬೊಬ್ಬೆ ಎದ್ದಿತ್ತು. ಯಾಕೆ ಬಾಯಿ ಬಿಡಲಿಲ್ಲವೆಂದು ಗದರಿದೆ. ಹೇಳಿದ್ದರೆ ಭಾನುವಾರದ ರೇಸಿಗೆ ಅಣ್ಣ ಬೇರೆಯವರನ್ನು ಕೂರಿಸುತ್ತಿದ್ದ ಎಂದಳು.

ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ಬಾಯಿಗೆ ಪ್ರೆಷರ್ ಪಂಪು ಸಿಕ್ಕಿಸಿ ಗಾಳಿ ಒತ್ತಿದೆ. ಗೇಜಿನ ಮುಳ್ಳು ಏರಿತು, ನೋಡನೋಡುತ್ತಲೇ ಇಳಿಯಿತು. ಎಲ್ಲೋ ಸೋರುತ್ತಿದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಈ ಕಾರಿನಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ಕುದಿನೀರು ಓಡಾಡುವ ಕೊಳವೆ ಓಡಿಸುವವರ ಕಾಲಪಕ್ಕದಲ್ಲೇ ಹಾದುಹೋಗುತ್ತದೆ. ಸೀಟು ಬಿಚ್ಚಿ, ಕೆಳಗಿನ ತಗಡು ಎಬ್ಬಿಸಿದೆ. ನೀರು ಅಲ್ಲಿ ನಿಂತಿತ್ತು. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದಕ್ಕೆ ಸುತ್ತಿದ ಕಪ್ಪು ಟೇಪು.

ಟೇಪಿನ ತುದಿ ಅಚ್ಚುಕಟ್ಟಾಗಿ ಒಳಕ್ಕೆ ಮಡಿಚಲಾಗಿತ್ತು. ಅದು ಅಪ್ಪ ಕಲಿಸಿದ್ದು. ಮುಂದೆ ಬಿಚ್ಚುವವರ ಉಗುರಿಗೆ ಸಿಗಬೇಕು ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಈ ಶೆಡ್ಡಿನಲ್ಲಿ ಹಾಗೆ ಮಡಿಚುವವರು ಇಬ್ಬರೇ, ನಾನು ಮತ್ತು ಅಣ್ಣ. ಇದನ್ನು ನಾನು ಸುತ್ತಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಅಣ್ಣನನ್ನು ಕರೆದು ಟೇಪು ತೋರಿಸಿದೆ. ಕೊಳವೆ ಬಿಚ್ಚಿದರೆ ಒಂದು ದಿನದ ಅಭ್ಯಾಸ ಹಾಳಾಗುತ್ತಿತ್ತು, ರೇಸ್ ಮುಗಿದ ಮೇಲೆ ನೋಡೋಣ ಎಂದುಕೊಂಡಿದ್ದೆ ಎಂದ.

"ರೇಸಿನ ಇಪ್ಪತ್ತು ಸುತ್ತು ತಡೀತಿತ್ತು ಕಣೇ."

"ಏನು ತಡೀತಿತ್ತು? ಟೇಪೋ, ಅವಳ ಕಾಲೋ?"

ನಾನು ಹಲ್ಲು ಕಚ್ಚಿಕೊಂಡು ಕೆಲಸಕ್ಕಿಳಿದೆ. ಬಿರುಕುಬಿಟ್ಟ ತುಂಡನ್ನು ಕತ್ತರಿಸಿ, ನಡುವೆ ದಪ್ಪ ರಬ್ಬರ್ ಪೈಪು ಕೂರಿಸಿ, ಎರಡೂ ಕಡೆ ಜೋಡಿ ಕ್ಲಾಂಪು ಬಿಗಿದೆ. ಮತ್ತೆ ಗಾಳಿ ಒತ್ತಿದಾಗ ಮುಳ್ಳು ನಿಂತಲ್ಲೇ ನಿಂತಿತು. ಇಷ್ಟಕ್ಕೆ ಹಿಡಿದದ್ದು ಒಂದೇ ಮಧ್ಯಾಹ್ನ. ಅದನ್ನು ಉಳಿಸಲು ಅವನು ಮೂರು ವಾರ ಅವಳ ಕಾಲು ಬೇಯಿಸಿದ್ದ.

ನೀರು ತುಂಬಿಸಿ, ಸೀಟು ಕೂರಿಸಿ, ಅವನ ಕಡೆ ತಿರುಗಿದೆ.

"ಶೂ ಬಿಚ್ಚಿ ಒಳಗೆ ಕೂತ್ಕೋ. ಎಂಜಿನ್ ಪೂರ್ತಿ ಕಾಯೋವರೆಗೂ ಏಳಬೇಡ."

ಮುಳ್ಳು ನಿಂತಿದೆಯಲ್ಲ, ಇನ್ನೇನು ಎಂದು ಗೊಣಗಿದರೂ ಬರಿಗಾಲಲ್ಲಿ ಹೋಗಿ ಕೂತ. ಎಂಜಿನ್ ಚಾಲೂ ಮಾಡಿದೆ. ಕಾವು ಎಂಬತ್ತು ಡಿಗ್ರಿ ದಾಟಿತು. ಒಂದು ಹನಿಯೂ ಸೋರಿರಲಿಲ್ಲ, ಆದರೂ ಅಣ್ಣ ಕೊಳವೆಯ ಪಕ್ಕದಿಂದ ಮೆಲ್ಲಗೆ ಬಲಗಾಲು ಎತ್ತಿಕೊಂಡ.

ಅಷ್ಟು ಹೊತ್ತು ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ ತಂಗಿ ಬಂದು ಕಾರಿನೊಳಕ್ಕೆ ಬಗ್ಗಿದಳು.

"ಕಾಲು ಕೆಳಗಿಡು ಅಣ್ಣ," ಎಂದಳು.